ಕೃಷ್ಣಾ-ಘಟಪ್ರಭಾ ನಡುವಣ ನಾಡಿನಲ್ಲಿ ಗಡಿ, ಸುಂಕ ಮತ್ತು ಸಾಗಾಣಿಕೆ

ಮುಕ್ತ ವಾಣಿಜ್ಯ ವಲಯವೆಂದೊಡನೆ 1834ರ ಜರ್ಮನ್ ಸುಂಕ ಒಕ್ಕೂಟವೋ, 1965ರಲ್ಲಿ ಕಂಡ್ಲಾದಲ್ಲಿ ಆರಂಭವಾದ ವಲಯವೋ ನೆನಪಿಗೆ ಬರುವುದು ಸಹಜ. ಗಡಿ ಅಳಿದ ಮಾತ್ರಕ್ಕೆ ಸರಕು ಸರಾಗವಾಗಿ ಸಾಗುವುದೇ ಎಂಬ ಪ್ರಶ್ನೆಗೆ ನಮ್ಮ ಕೃಷ್ಣಾ-ಘಟಪ್ರಭಾ ತೀರವೂ ತಕ್ಕ ನಿದರ್ಶನವನ್ನು ಒದಗಿಸುತ್ತದೆ.

1948ಕ್ಕೆ ಮುನ್ನ ಇಲ್ಲಿಯ ಭೂಪಟ ಚೂರುಚೂರಾಗಿತ್ತು. ಜಮಖಂಡಿ, ಬನಹಟ್ಟಿಗಳು ಪಟವರ್ಧನರ ಒಂದು ಶಾಖೆಗೂ, ಬನಹಟ್ಟಿಗೆ ಅಂಟಿಕೊಂಡಂತಿರುವ ರಬಕವಿಯು ಸಾಂಗಲಿಯ ಪಟವರ್ಧನರಿಗೂ, ಮುಧೋಳವು ಘೋರ್ಪಡೆಯವರಿಗೂ ಸೇರಿದ್ದವು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ನೇಕಾರಿಕೆ ಒಂದೇ, ಒಡೆಯರು ಮಾತ್ರ ಬೇರೆ ಬೇರೆ!

ರೈಲುಮಾರ್ಗದ ವಿಷಯ ಇನ್ನೂ ಗಮನಾರ್ಹವಾದುದು. 1876-78ರ ಘೋರ ಕ್ಷಾಮದ ತರುವಾಯ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೋಟಗಿ-ಗದಗ ಮಾರ್ಗವನ್ನು ಹಾಕಿತು. ಅದು ಬಾಗಲಕೋಟೆಯನ್ನು ಮುಟ್ಟಿತು. ಪಶ್ಚಿಮದಲ್ಲಿ ಪುಣೆ-ಬೆಳಗಾವಿ ಮಾರ್ಗ ಕುಡಚಿಯನ್ನು ಹಾಯ್ದು ಹೋಯಿತು. ಎರಡರ ನಡುವೆ ನೇಕಾರ ಪಟ್ಟಣಗಳು ಉಳಿದುಬಿಟ್ಟವು. ನೂಲು ಬರಬೇಕಾದರೂ ಸೀರೆ ಹೋಗಬೇಕಾದರೂ ಮೊದಲು ಎತ್ತಿನ ಬಂಡಿ, ತರುವಾಯ ಲಾರಿಯೇ ಗತಿಯಾಯಿತು.

1948ರ ಮಾರ್ಚಿನಲ್ಲಿ ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು. ಒಳಗಡಿಗಳು ಅಳಿದವು. ಆದರೆ 1956ರ ಪುನರ್ವಿಂಗಡಣೆಯಿಂದ ಸಾಂಗಲಿ, ಸೊಲ್ಲಾಪುರ, ಇಚಲಕರಂಜಿಗಳು ಗಡಿಯಾಚೆ ಉಳಿದವು. ಅರಸರ ಗಡಿ ಹೋಗಿ ರಾಜ್ಯದ ಗಡಿ ಬಂದಿತು. ವ್ಯಾಪಾರದ ದಾರಿ ಮಾತ್ರ ಬದಲಾಗಲಿಲ್ಲ. ಪುರಸಭೆಗಳ ಜಕಾತಿ ಕಟ್ಟೆಗಳು ಇನ್ನೂ ನಿಂತಿದ್ದವು. ಕರ್ನಾಟಕದಲ್ಲಿ ಅವು ತೊಲಗಿದ್ದು 1979ರಲ್ಲಿ. ರಾಜ್ಯಗಳ ತೆರಿಗೆ ತನಿಖಾ ಠಾಣೆಗಳ ಕಾಲ 2017ರ ಸರಕು ಮತ್ತು ಸೇವಾ ತೆರಿಗೆಯೊಂದಿಗೆ ಮುಗಿಯಿತು. ಸುಂಕದ ದೃಷ್ಟಿಯಿಂದ ನಾಡು ಒಂದಾಗಲು ವಿಲೀನದ ನಂತರವೂ ಸುಮಾರು ಎಪ್ಪತ್ತು ವರ್ಷ ಹಿಡಿಯಿತೆಂದಾಯಿತು.

ಸುಂಕಕ್ಕಿಂತ ದೂರವೇ ದೊಡ್ಡ ಭಾರವಾಗಿತ್ತೆಂದು ನಮ್ಮ ಮತ. ಬಾಗಲಕೋಟೆ-ಕುಡಚಿ ನಡುವಣ 142 ಕಿಲೋಮೀಟರ್ ರೈಲುಮಾರ್ಗಕ್ಕೆ ಮಂಜೂರಾತಿ ದೊರೆತದ್ದು 2010ರ ಸುಮಾರಿಗೆ, ಎಂದರೆ ಹೋಟಗಿ-ಗದಗ ಮಾರ್ಗವಾದ ಒಂದೂಕಾಲು ಶತಮಾನಕ್ಕೆ. ಅದೊಂದೇ ಎಲ್ಲವನ್ನೂ ಹೊರಲಾರದು. ನೂಲು, ಸೀರೆಗಳ ಸಣ್ಣ ಮೂಟೆಗಳಿಗೆ ಮನೆಬಾಗಿಲಿಗೆ ಬರುವ ಲಾರಿಯೇ ಅನುಕೂಲ; ಗದ್ದೆಯಿಂದ ಕಾರ್ಖಾನೆಗೆ ಕಬ್ಬಿಗೆ ಟ್ರ್ಯಾಕ್ಟರ್. ಆದರೆ ದೂರದ ಊರಿಗೆ ಹೋಗುವ ಸಕ್ಕರೆಯನ್ನು ಲಾರಿಯಲ್ಲೇ ಒಯ್ಯುತ್ತಿದ್ದರೆ ಡೀಸೆಲಿನ ವೆಚ್ಚವೂ ರಸ್ತೆಯ ಸವೆತವೂ ಏರುತ್ತಲೇ ಹೋಗುತ್ತವೆ. ಹೀಗಾಗಿ ಉಗ್ರಾಣ, ಸರಕು ಅಂಗಳಗಳು ಎಲ್ಲಿರಬೇಕೆಂಬುದನ್ನು ತಾಲೂಕಿನ ಗಡಿ ನೋಡಿಯಲ್ಲ, ಮಗ್ಗಗಳೂ ಕಬ್ಬಿನ ಗದ್ದೆಗಳೂ ಇರುವ ತಾಣ ನೋಡಿ ಗೊತ್ತುಮಾಡುವುದು ಲೇಸು.