ಚಾಲೂ ಆಗದ ಕಂಪ್ಯೂಟರು: ನಾಲ್ಕು ತಾಲ್ಲೂಕುಗಳಿಂದ ಒಂದು ನೋಟ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಬಹುತೇಕ ರೈತರು ಕಂಪ್ಯೂಟರನ್ನು ಮೊದಲು ಕಂಡದ್ದು ತಹಶೀಲ್ದಾರ ಕಚೇರಿಯ ಕಿಂಡಿಯ ಆಚೆ, ಉತಾರಕ್ಕಾಗಿ (ಪಹಣಿಗಾಗಿ) ಸಾಲಿನಲ್ಲಿ ನಿಂತಾಗ. 2000ದ ಸುಮಾರಿಗೆ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರುತ್ತಿತ್ತು, ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ಅಲ್ಲಿಂದ ಮುಂದೆ ಕಚೇರಿಯ ಪೆಟ್ಟಿಗೆ ಬೆಳಿಗ್ಗೆ ಚಾಲೂ ಆಗದಿದ್ದರೆ ಬೆಳೆಸಾಲವೂ ನಿಂತಿತು, ಅಣ್ಣತಮ್ಮಂದಿರ ವಾಟ್ನಿಯೂ ನಿಂತಿತು. ಆದ್ದರಿಂದ ಕಂಪ್ಯೂಟರ್ ರಿಪೇರಿಯ ವಿದ್ಯೆ ಬೆಳೆದು ಬಂದ ಬಗೆಯನ್ನು ಅರಿಯುವುದು ಅಗತ್ಯ.

ವಿದ್ಯೆಯ ಬುನಾದಿ ಬಿದ್ದದ್ದು 1981ರ ಆಗಸ್ಟಿನಲ್ಲಿ, ಐಬಿಎಂ ಪಿಸಿ ಬಂದಾಗ. ಗುಂಡಿ ಒತ್ತಿದೊಡನೆ ಆ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲ ಸರಿಯಿದ್ದರೆ ಒಂದು ಸಣ್ಣ ಬೀಪ್ ಕೊಡುತ್ತಿತ್ತು. ಮುಂದೆ ಈ ಪರೀಕ್ಷೆ ನಡೆಸುವ ತಂತ್ರಾಂಶವಾದ ಬಯೋಸನ್ನು ತಯಾರಿಸಿದವರು ತಮ್ಮ ತಮ್ಮ ಬೀಪ್ ಸಂಕೇತಗಳನ್ನು ಕಟ್ಟಿಕೊಂಡರು. ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ದೋಷ. ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ರ‍್ಯಾಮ್‌ನದು. ಪರದೆ ಕಪ್ಪಾಗಿದ್ದರೂ ಕಿವಿಗೊಟ್ಟವನಿಗೆ ದೋಷ ತಿಳಿಯುತ್ತಿತ್ತು. ಈಚಿನ ಬೋರ್ಡುಗಳಲ್ಲಿ ಆ ಸಣ್ಣ ಸ್ಪೀಕರ್ ಕಾಣೆಯಾಗಿ ಕೆಲವುದರಲ್ಲಿ ಎಲ್‌ಇಡಿ ದೀಪಗಳು ಬಂದಿವೆ. ಇದು ನಷ್ಟವೆಂದೇ ನನ್ನ ಅಭಿಪ್ರಾಯ.

ನಮ್ಮ ಕಡೆ ಮಾತ್ರ ಬೀಪ್‌ಗಿಂತ ಮೊದಲು ನೋಡಬೇಕಾದದ್ದು ಕರೆಂಟು. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಿಗೆ ಇಳಿಸುವ ಎಸ್‌ಎಂಪಿಎಸ್, ಎಲ್ಲ ಹದಕ್ಕೆ ಬಂದ ಮೇಲೆ ‘ಪವರ್ ಗುಡ್’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸುತ್ತದೆ. ಅದು ಬರುವ ತನಕ ಪ್ರೊಸೆಸರ್ ಕೆಲಸ ಶುರುಮಾಡುವುದಿಲ್ಲ. ಫ್ಯಾನ್ ತಿರುಗುತ್ತಿದ್ದರೂ ‘ಡಿಸ್‌ಪ್ಲೇ ಬರವಲ್ತು’ ಎಂದು ಜನ ತರುವ ಪೆಟ್ಟಿಗೆಗಳಲ್ಲಿ ಈ ದೋಷವೂ ಇರುತ್ತದೆ. ಪಂಪ್‌ಸೆಟ್‌ಗಳು ಒಮ್ಮೆಲೇ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ, ಕರೆಂಟು ಹೋಗಿ ಬಂದಾಗ ಜಿಗಿಯುತ್ತದೆ. ಬ್ಯಾಟರಿ ಸತ್ತ ಯುಪಿಎಸ್ ಅದನ್ನು ತಡೆಯಲಾರದು. ಎಪ್ರಿಲ್–ಮೇ ತಿಂಗಳ ಅಡ್ಡಮಳೆಯ ಸಿಡಿಲು ಮೋಡೆಮ್ ಇದ್ದ ಕಾಲದಲ್ಲಿ ಟೆಲಿಫೋನ್ ತಂತಿಯಿಂದಲೂ ಒಳಗೆ ನುಗ್ಗುತ್ತಿತ್ತು. ಹಳೆಯ ಎಸ್‌ಎಂಪಿಎಸ್‌ಗಳ ಹಿಂಬದಿ 115/230ರ ಕೆಂಪು ಸ್ವಿಚ್ ಇರುತ್ತಿತ್ತು. ಯಾರಾದರೂ ಅದನ್ನು 115ಕ್ಕೆ ಸರಿಸಿ ಕರೆಂಟು ಕೊಟ್ಟರೆ ಒಳಗೆ ಢಂ ಎಂದು ಸದ್ದಾಗಿ ಸುಟ್ಟ ವಾಸನೆ ಬರುತ್ತಿತ್ತು. ಇಜ್ಜಲು, ಉಪ್ಪು ಹಾಕಿದ ಗುಂಡಿ ತೋಡಿ ಒಳ್ಳೆಯ ಅರ್ಥಿಂಗ್ ಕೊಡಿಸುವುದು ಹೊಸ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಬಹಳ ಅಗ್ಗ. ಆದರೂ ಹೆಚ್ಚಿನವರು ಅದನ್ನೇ ಬಿಟ್ಟುಬಿಡುತ್ತಾರೆ.

ಎರಡನೆಯ ಶತ್ರು ಹವೆ. ಹಾನಗಲ್ಲ ಅರೆಮಲೆನಾಡು, ಮಳೆಗಾಲದ ತೇವಕ್ಕೆ ರ‍್ಯಾಮ್‌ನ ಹಲ್ಲುಗಳ ಮೇಲೆ ಮಬ್ಬು ಕೂರುತ್ತದೆ. ಸವಣೂರಿನ ಎರೆಹೊಲದ ಧೂಳು, ಹಿರೇಕೆರೂರು ಕಡೆ ಗೋವಿನಜೋಳ ಒಕ್ಕುವಾಗ ಏಳುವ ಹೊಟ್ಟು ಫ್ಯಾನಿಗೆ ಮೆತ್ತಿ ಪ್ರೊಸೆಸರ್ ಕಾಯುತ್ತದೆ. ರ‍್ಯಾಮ್ ಬಿಚ್ಚಿ, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವ ಉಪಾಯ ಇಂದಿಗೂ ಹಳತಾಗಿಲ್ಲ. 1999ರಿಂದ 2007ರ ತನಕ ಜಗತ್ತಿನ ಎಷ್ಟೋ ಮದರ್‌ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರ್‌ಗಳು ಉಬ್ಬಿ ಸೋರಿದಾಗ, ಸೋಲ್ಡರಿಂಗ್ ಬಲ್ಲ ರೇಡಿಯೊ–ಟಿವಿ ಮೆಕ್ಯಾನಿಕ್ಕರ ಕೈಚಳಕಕ್ಕೆ ಹೊಸ ಬೆಲೆ ಬಂತು.

ಯಂತ್ರದ ದೋಷ ಬೇರೆ, ತಂತ್ರಾಂಶದ ದೋಷ ಬೇರೆ ಎಂಬ ನಂಬಿಕೆಯನ್ನು ವೈರಸ್‌ಗಳು ಒಡೆದವು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ ‘ಬ್ರೇನ್’ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಅಡಗುತ್ತಿತ್ತು. 1999ರ ಎಪ್ರಿಲ್ 26ರಂದು ಎದ್ದ ತೈವಾನಿನ ‘ಸಿಐಎಚ್’ ಕೆಲವು ಬೋರ್ಡುಗಳ ಬಯೋಸನ್ನೇ ಅಳಿಸಿತು. ಅಂಥ ಕಂಪ್ಯೂಟರಿಗೆ ಬೀಪ್ ಮಾಡುವ ಶಕ್ತಿಯೂ ಉಳಿಯಲಿಲ್ಲ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ‘ಫಾರ್ಮ್ಯಾಟ್ ಹೊಡೀರಿ’ ಎಂಬ ಚಿಕಿತ್ಸೆ ಬೇರೂರಿತು. ಪರದೆಯ ಮೇಲೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ಬಂದರೆ ಮರೆತು ಬಿಟ್ಟ ಫ್ಲಾಪಿಯನ್ನು ಹೊರತೆಗೆದರೆ ಸಾಕಾಗುವ ಸಂದರ್ಭಗಳಿದ್ದವು. ಇಲ್ಲವೆಂದರೆ ರಿಕವರಿ ಕನ್ಸೋಲಿನಲ್ಲಿ ಒಂದೆರಡು ಕಮಾಂಡ್. ಬದಲಿಗೆ ಡಿಸ್ಕನ್ನೇ ಒರೆಸಿ ಹಾಕುವ ರೂಢಿಯಲ್ಲಿ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಕೂಡಿಸಿಟ್ಟ ಡಿಟಿಪಿ ಅಂಗಡಿಗಳ ದುಡಿಮೆ, ಮನೆಯ ಫೋಟೊಗಳು ಹೋದವು. 2000ದಲ್ಲೇ ಬಂದಿದ್ದ ನಾಪಿಕ್ಸ್‌ನಂಥ ಸಿಡಿಯಿಂದಲೇ ನಡೆಯುವ ಲಿನಕ್ಸ್ ಹಾಕಿ ಕಡತಗಳನ್ನು ಮೊದಲು ಹೊರತೆಗೆಯಬಹುದಿತ್ತು. ಈ ವಿದ್ಯೆಯ ಚರಿತ್ರೆಯಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ವೈರಸ್ಸಲ್ಲ, ಈ ಅವಸರದ ಚಿಕಿತ್ಸೆ ಎಂದು ನಾನು ಹೇಳುತ್ತೇನೆ.

ಮುಂದಿನ ಘಟ್ಟ ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐನದು. 2005ರಲ್ಲಿ ಅದರ ವೇದಿಕೆ ರಚನೆಯಾಯಿತು. 2012ರ ವಿಂಡೋಸ್ 8ರೊಂದಿಗೆ ಸೆಕ್ಯೂರ್ ಬೂಟ್ ಸಾಮಾನ್ಯವಾಯಿತು. ಹಾರ್ಡ್‌ಡಿಸ್ಕ್ ಸಾಯುವ ಮುನ್ನ ಟಕಟಕ ಸದ್ದು ಮಾಡಿ ಎಚ್ಚರಿಸುವುದುಂಟು, ಎಸ್‌ಎಸ್‌ಡಿಗೆ ಆ ಸದ್ದೂ ಇಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಬೀಗವೂ ಬಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಯಲ್ಲೇ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಪರಿಹಾರ ಸಣ್ಣದು, ಸೇಫ್ ಮೋಡಿನಲ್ಲಿ ಒಂದು ಕಡತ ಅಳಿಸುವುದು. ಆದರೆ ಬಹಳಷ್ಟು ಕಡೆ ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ಅದನ್ನು ಮಾಡಬೇಕಾಯಿತು. ಬಿಟ್‌ಲಾಕರ್ ಕೀಲಿ ಕೈಯಲ್ಲಿಲ್ಲದವರು ಅಲ್ಲಿಯೂ ಸಿಕ್ಕಿಬಿದ್ದರು.

2022ರ ಜನವರಿಯಿಂದ ಗ್ರಾಮ ಒನ್ ಕೇಂದ್ರಗಳು ಊರೂರಿಗೆ ಹರಡಿ, ತಾಲ್ಲೂಕು ಕಚೇರಿಯ ಸೇವೆಗಳು ಹಳ್ಳಿಗೆ ಬಂದವು. ಜೊತೆಗೆ ಚಾಲೂ ಆಗದ ಕಂಪ್ಯೂಟರಿನ ಆತಂಕವೂ ಅಲ್ಲಿಗೇ ಬಂತು. ಒಂದೇ ಕಂಪ್ಯೂಟರ್ ನೆಚ್ಚಿಕೊಂಡ ಕೇಂದ್ರಕ್ಕೆ, ಅಂಗಡಿಗೆ ಬದಲಿ ಯಂತ್ರವಿಲ್ಲ. ಬಿಡಿಭಾಗಕ್ಕೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು. ಅಂಥವರಲ್ಲಿ ನನ್ನ ಕೋರಿಕೆ ಇಷ್ಟೆ: ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಾಗಲೇ ಬಿಟ್‌ಲಾಕರಿನ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದು ಹೊಲಮನೆಯ ಪತ್ರಗಳ ಜೊತೆ ಇಡಿ, ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ, ರಿಪೇರಿಗೆ ಒಯ್ದಾಗ ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿ ಕೊಡಿ.