ಬಾಸ್ಟನ್ನಿನ ಹದಿಮೂರು ಮಕ್ಕಳು

ದತ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ವಂಶ, ಪಿಂಡ, ಆಸ್ತಿ. ಮಕ್ಕಳಿಲ್ಲದವರ ಕೊರತೆಯನ್ನು ತುಂಬಲೆಂದು ನಮ್ಮ ಧರ್ಮಶಾಸ್ತ್ರಕಾರರು ದತ್ತಕವಿಧಿಯನ್ನು ರೂಪಿಸಿದರು; ಮಗುವಿಗೆ ಏನು ಬೇಕು ಎಂಬ ಪ್ರಶ್ನೆ ಅಲ್ಲಿ ಬಹುಮಟ್ಟಿಗೆ ಹಿಂದೆಯೇ ಉಳಿಯಿತು. ಆ ಪ್ರಶ್ನೆಯನ್ನು ಮುಂದಿಟ್ಟ ಮೊದಮೊದಲ ಆಧುನಿಕ ಶಾಸನಗಳಲ್ಲಿ ಒಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 1851ರ ಕಾಯಿದೆ. ದತ್ತು ಪಡೆಯುವವರು ಮಗುವನ್ನು ಸಾಕಿ ಬೆಳೆಸಲು ಯೋಗ್ಯರೆಂಬುದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕೆಂದು ಅದು ವಿಧಿಸಿತು. ಆದರೆ ಯೋಗ್ಯರು ಯಾರು? ಈ ಒಂದು ಪ್ರಶ್ನೆಯೇ, ಒಂದೂವರೆ ಶತಮಾನದ ತರುವಾಯ, ಅದೇ ರಾಜ್ಯದ ಬಾಸ್ಟನ್ ನಗರದಲ್ಲಿ ನೂರು ವರ್ಷ ಬಾಳಿದ ಕಥೋಲಿಕ ಸೇವಾಸಂಸ್ಥೆಯೊಂದು ತನ್ನ ದತ್ತು ಕಾರ್ಯಕ್ಕೆ ಬಾಗಿಲು ಹಾಕುವಂತೆ ಮಾಡಿತು.

ಕಥೆ ಆರಂಭವಾಗುವುದು ಐರ್ಲೆಂಡಿನ ಬರಗಾಲದಿಂದ. 1845ರಿಂದಾಚೆಗೆ ಆಲೂಗೆಡ್ಡೆಯ ಬೆಳೆ ಕೊಳೆತು, ಹಸಿದವರು ಹಡಗು ಹತ್ತಿ ಬಾಸ್ಟನ್ನಿಗೆ ಬಂದಿಳಿದರು. ಬಂದವರು ಬಡವರು, ಕಥೋಲಿಕರು. ಇಳಿದದ್ದು ಪ್ರಾಟೆಸ್ಟೆಂಟರ ಊರಿನಲ್ಲಿ. ರೋಗಕ್ಕೆ, ದುಡಿಮೆಗೆ ತಂದೆತಾಯಿಗಳು ಬಲಿಯಾದರೆ ಮಕ್ಕಳು ಬೀದಿಗೆ ಬೀಳುತ್ತಿದ್ದರು. ಅವರನ್ನು ಎತ್ತಿಕೊಳ್ಳುತ್ತಿದ್ದ ದಾನಿಗಳ ಸಂಘಗಳು ಪ್ರಾಟೆಸ್ಟೆಂಟರವು. ಆ ಸಂಘಗಳು ಮಕ್ಕಳನ್ನು ದೂರದ ರೈತಮನೆಗಳಿಗೆ ಕಳುಹಿಸಿಬಿಡುತ್ತಿದ್ದವು. ಹೊಟ್ಟೆಗೆ ಅನ್ನ ಸಿಕ್ಕಿತು, ನಿಜ. ಆದರೆ ತಾಯಿ ಕಲಿಸಿದ ಪ್ರಾರ್ಥನೆ ಮರೆತುಹೋಯಿತು. ಸತ್ತವರ ಮಕ್ಕಳು ಧರ್ಮಕ್ಕೂ ಸತ್ತಂತೆ ಆಗುತ್ತಿದ್ದಾರೆಂದು ಪಾದ್ರಿಗಳು ಕಳವಳಗೊಂಡರು. ನಿರ್ಗತಿಕ ಕಥೋಲಿಕ ಮಕ್ಕಳಿಗಾಗಿ 1864ರಲ್ಲಿ ಒಂದು ಆಶ್ರಯಧಾಮ, 1903ರಲ್ಲಿ ಕಥೋಲಿಕ್ ಚಾರಿಟಬಲ್ ಬ್ಯೂರೋ ಹುಟ್ಟಿಕೊಂಡದ್ದು ಈ ಕಳವಳದಿಂದ. ಬಲಿಷ್ಠರ ಮತವೇ ಅನಾಥನ ಮತವಾಗಬಾರದು ಎಂಬ ಅವರ ವಾದವನ್ನು ನಾನು ಅನ್ಯಾಯವೆನ್ನಲಾರೆ.

ಕಾಲಕ್ರಮದಲ್ಲಿ ರಾಜ್ಯದ ಕಾನೂನೂ ಈ ವಾದಕ್ಕೆ ಮಣಿಯಿತು. ಸಾಧ್ಯವಾದಲ್ಲೆಲ್ಲ ಮಗುವನ್ನು ಅದೇ ಮತದವರಿಗೆ ಕೊಡಬೇಕೆಂಬ ನಿಯಮ ಬಂದಿತು. ಅದರ ಇನ್ನೊಂದು ಮುಖ 1954ರಲ್ಲಿ ಕಾಣಿಸಿತು. ಯಹೂದಿ ದಂಪತಿಗಳಿಬ್ಬರು ಎಳೆಗೂಸುಗಳಾಗಿದ್ದಾಗಿನಿಂದ ಅವಳಿ ಮಕ್ಕಳನ್ನು ಸಾಕಿದ್ದರು. ಹೆತ್ತ ತಾಯಿ ಕಥೋಲಿಕಳು. ಮಕ್ಕಳು ಯಹೂದಿಗಳಾಗಿಯೇ ಬೆಳೆಯಲೆಂದು ಅವಳು ಒಪ್ಪಿಯೂ ಇದ್ದಳು. ಆದರೂ ಮ್ಯಾಸಚೂಸೆಟ್ಸಿನ ಉಚ್ಚತಮ ನ್ಯಾಯಾಲಯ ದತ್ತು ನಿರಾಕರಿಸಿದ ಕೆಳನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಸುತ್ತಮುತ್ತ ಕಥೋಲಿಕ ಮನೆಗಳು ಸಿಕ್ಕುವಂತಿದ್ದವು ಎಂಬುದು ಕಾರಣ. ಕೂಸನ್ನು ಕಾಪಾಡಲೆಂದು ಕಟ್ಟಿದ ಬೇಲಿ, ಕೂಸು ಆಗಲೇ ಮಲಗಿದ್ದ ತೊಟ್ಟಿಲಿಗೇ ಅಡ್ಡವಾಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಈ ಹೊತ್ತಿಗೆ ಬಾಸ್ಟನ್ನಿನ ಸಂಸ್ಥೆ ಸರಕಾರದ ಕರಾರಿನ ಮೇಲೆ, ಸರಕಾರದ ಹಣದಿಂದ, ಯಾರಿಗೂ ಬೇಡವಾದ ಮಕ್ಕಳಿಗೆ, ಎಂದರೆ ರೋಗಿಗಳು, ವಯಸ್ಸು ಮೀರಿದವರು, ಹಿಂಸೆ ಕಂಡವರಿಗೆ, ಮನೆ ಹುಡುಕುತ್ತಿದ್ದಿತು. ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡಕೂಡದೆಂದು ರಾಜ್ಯ 1989ರಲ್ಲಿಯೇ ಕಾನೂನು ಮಾಡಿತ್ತು. 2004ರ ಮೇ ತಿಂಗಳಿನಿಂದ ಸಲಿಂಗ ವಿವಾಹವೂ ಅಲ್ಲಿ ಸಿಂಧುವಾಯಿತು. 2005ರಲ್ಲಿ ಪತ್ರಿಕೆಯೊಂದು ಸಂಗತಿಯನ್ನು ಹೊರಗೆಡವಿತು: ಸುಮಾರು ಎರಡು ದಶಕಗಳಲ್ಲಿ ಆ ಸಂಸ್ಥೆ ಮಾಡಿಸಿದ 720 ದತ್ತುಗಳಲ್ಲಿ 13 ಮಕ್ಕಳು ಸಲಿಂಗ ದಂಪತಿಗಳ ಮನೆ ಸೇರಿದ್ದರು. ಗದ್ದಲವಿಲ್ಲದೆ, ಘೋಷಣೆಯಿಲ್ಲದೆ. ಆ ಮಕ್ಕಳನ್ನು ಕಣ್ಣಾರೆ ಕಂಡ ಕಾರ್ಯಕರ್ತರು ಯೋಗ್ಯತೆಯ ಪ್ರಶ್ನೆಗೆ ತಮ್ಮದೇ ಉತ್ತರವನ್ನು ಆಗಲೇ ಕೊಟ್ಟಾಗಿತ್ತು.

ಧರ್ಮಸಭೆಯ ಉತ್ತರ ಬೇರೆಯಾಗಿತ್ತು. ಇಂಥ ಮನೆಗಳಿಗೆ ಮಗುವನ್ನು ಕೊಡುವುದು ಮಗುವಿಗೇ ಹಿಂಸೆ ಎಂಬರ್ಥದ ಮಾತನ್ನು ವ್ಯಾಟಿಕನ್ 2003ರಲ್ಲಿ ಪ್ರಕಟಿಸಿದ ದಾಖಲೆಯೊಂದರಲ್ಲಿ ಹೇಳಿತ್ತು. ತಂದೆತಾಯಿ ಇಬ್ಬರೂ ಬೇಕು ಎಂಬುದು ಅವರ ನಂಬಿಕೆ. ಅದನ್ನು ನಟನೆಯೆಂದು ತಳ್ಳಿಹಾಕುವವರ ಮಾತು ನನಗೆ ರುಚಿಸುವುದಿಲ್ಲ. ಆದರೆ 2005ರ ಡಿಸೆಂಬರಿನಲ್ಲಿ ಸಂಸ್ಥೆಯ ಆಡಳಿತ ಮಂಡಳಿಯ 42 ಸದಸ್ಯರು ಒಮ್ಮತದಿಂದ ಆ ದತ್ತುಗಳು ಮುಂದುವರಿಯಲೆಂದರು. ಅವರೂ ಶ್ರದ್ಧಾವಂತರೇ. ಬಿಷಪ್ಪರು ಒಪ್ಪಲಿಲ್ಲ, ಕಾನೂನಿನಿಂದ ವಿನಾಯಿತಿ ಕೇಳಲು ಹೊರಟರು. ಮಂಡಳಿಯ ಏಳು ಜನ ರಾಜೀನಾಮೆಯಿತ್ತರು. ಗವರ್ನರ್ ಮಿಟ್ ರಾಮ್ನಿ ಧರ್ಮಸಭೆಯ ಕಡೆಗೇ ಒಲವಿದ್ದವರು. ಆದರೂ ತಾವೊಬ್ಬರೇ ವಿನಾಯಿತಿ ಕೊಡಲಾಗದೆಂದರು. 2006ರ ಮಾರ್ಚ್ 10ರಂದು ಸಂಸ್ಥೆ ದತ್ತು ಕಾರ್ಯದಿಂದ ಹಿಂದೆ ಸರಿಯುವುದಾಗಿ ಸಾರಿತು. ಹದಿಮೂರರ ಸಲುವಾಗಿ ಮುಂದಿನ ನೂರಾರು ಮಕ್ಕಳ ಕೆಲಸವನ್ನು ಬಿಡಬೇಕಿತ್ತೇ? ನನ್ನ ಮಟ್ಟಿಗೆ ಹೇಳುವುದಾದರೆ, ಬೇಕಿರಲಿಲ್ಲ. ಆ ಹದಿಮೂರು ಮಕ್ಕಳಿಗೆ ಕೇಡಾಯಿತೆಂದು ತೋರಿಸಿ ತೆಗೆದುಕೊಂಡ ನಿರ್ಧಾರ ಅದಾಗಿರಲಿಲ್ಲ.

ಇಂಗ್ಲೆಂಡಿನಲ್ಲಿಯೂ ಇದೇ ಇಕ್ಕಟ್ಟು. 2007ರ ನಿಯಮಾವಳಿ ಕಥೋಲಿಕ ದತ್ತು ಸಂಸ್ಥೆಗಳಿಗೆ 2008ರ ಕೊನೆಯವರೆಗೆ ಗಡುವು ಕೊಟ್ಟಿತು. ಕೆಲವು ಕೆಲಸ ಬಿಟ್ಟವು, ಕೆಲವು ಧರ್ಮಸಭೆಯ ನಂಟು ಕಡಿದುಕೊಂಡು ಕೆಲಸ ಉಳಿಸಿಕೊಂಡವು. ಲೀಡ್ಸ್ ನಗರದ ಸಂಸ್ಥೆ ಮಾತ್ರ ಹೋರಾಡಿ 2012ರಲ್ಲಿ ಸೋತಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಆದದ್ದು ತಿರುವುಮುರುವು. ಅಲ್ಲಿನ ಕಥೋಲಿಕರ ಅನಾಥಸೇವೆ 1798ರಷ್ಟು ಹಳೆಯದು, ಕಾಮಾಲೆ ಜ್ವರದ ಮಾರಿಯಲ್ಲಿ ಹುಟ್ಟಿದ್ದು. ಸಲಿಂಗ ದಂಪತಿಗಳನ್ನು ಪಾಲಕರೆಂದು ದೃಢೀಕರಿಸಲು ಒಪ್ಪದ ಸಂಸ್ಥೆಗೆ ನಗರಾಡಳಿತ 2018ರಲ್ಲಿ ಮಕ್ಕಳನ್ನು ಕಳುಹಿಸುವುದನ್ನು ನಿಲ್ಲಿಸಿತು. 2021ರ ಜೂನ್ 17ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಸಂಸ್ಥೆಯ ಪರವಾಗಿ ತೀರ್ಪಿತ್ತರು. ಕರಾರಿನಲ್ಲಿ ಅಧಿಕಾರಿ ಬೇಕಾದವರಿಗೆ ವಿನಾಯಿತಿ ಕೊಡಲು ಅವಕಾಶವಿರುವಾಗ ಧರ್ಮದ ಕಾರಣಕ್ಕೆ ಅದನ್ನು ನಿರಾಕರಿಸುವುದು ಸಲ್ಲದು ಎಂಬ ಕಿರಿದಾದ ಅಂಶದ ಮೇಲೆ ತೀರ್ಪು ನಿಂತಿತು. ಅಲ್ಲಿಯವರೆಗೆ ಆ ಸಂಸ್ಥೆಯ ಬಾಗಿಲಿಗೆ ಒಂದು ಸಲಿಂಗ ಜೋಡಿಯೂ ಬಂದಿರಲಿಲ್ಲವೆಂಬುದನ್ನು ತೀರ್ಪೇ ದಾಖಲಿಸಿದೆ!

ನಮ್ಮ ದೇಶದಲ್ಲಿ 2015ರಲ್ಲಿ ಒಂಟಿ ವ್ಯಕ್ತಿಗಳಿಗೂ ಮಕ್ಕಳನ್ನು ಕೊಡಬೇಕಾಗಿ ಬಂದಾಗ, ಮದರ್ ತೆರೇಸಾರ ಮಿಷನರೀಸ್ ಆಫ್ ಚಾರಿಟಿ ದತ್ತು ಕಾರ್ಯವನ್ನೇ ಕೈಬಿಟ್ಟಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಪೀಠ ದತ್ತಿನ ವಿಷಯದಲ್ಲಿ ಮೂರಕ್ಕೆ ಎರಡಾಗಿ ಒಡೆಯಿತು. ಜೋಡಿಯಾಗಿ ದತ್ತು ಪಡೆಯುವವರು ಎರಡು ವರ್ಷ ಸ್ಥಿರವಾದ ವೈವಾಹಿಕ ಜೀವನ ನಡೆಸಿರಬೇಕೆಂಬ ನಿಯಮವನ್ನು ಬಹುಮತ ಉಳಿಸಿತು. ಹೀಗಾಗಿ ಇಬ್ಬರು ಹೆಂಗಸರು ಒಂದೇ ಸೂರಿನಡಿ ಬಾಳುತ್ತಿದ್ದರೆ, ಅವರಲ್ಲಿ ಒಬ್ಬಳು ಒಂಟಿ ಮಹಿಳೆಯೆಂದು ಅರ್ಜಿ ಹಾಕಿ ಮಗುವನ್ನು ಪಡೆಯಬಹುದು. ರಾತ್ರಿ ಜ್ವರ ಬಂದ ಮಗುವಿನ ಹಣೆಗೆ ಒದ್ದೆಬಟ್ಟೆಯಿಡುವ ಇನ್ನೊಬ್ಬಳ ಹೆಸರಿಗೆ ಆ ಕಾಗದದಲ್ಲಿ ಜಾಗವಿಲ್ಲ.