ನೇಸ್ಮಿತ್‌ನ ನಕ್ಷೆ ಪುಸ್ತಕ

ಕಳೆದ ತಿಂಗಳು ನಮ್ಮ ಪರಿಚಯದ ಹಿರಿಯರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಸಂಘದ ವಾಚನಾಲಯಕ್ಕೆ ಬಂದರು. ಹುಡುಗ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾನೆ. ಅಂಕಗಳಿಗೇನೂ ಕೊರತೆಯಿಲ್ಲ. ಆದರೂ ಒಂದು ಸಂದರ್ಶನದಲ್ಲಿ ಮುಖ ಬಾಡಿಸಿಕೊಂಡು ಬಂದಿದ್ದ. ಅವನು ಒಯ್ದಿದ್ದ ಪ್ರಾಜೆಕ್ಟಿನ ಅಂದವಾದ ಕಡತವನ್ನು ತಿರುವಿ ನೋಡಿದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರಂತೆ: "ಇದರಲ್ಲಿ ನೀನು ಕೈಯಾರೆ ಮಾಡಿದ್ದು ಯಾವುದು?" ಹುಡುಗ ತಡವರಿಸಿದ. ಪ್ರಾಜೆಕ್ಟಿನ ಬಹುಭಾಗ ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಸರಕು. ಅಜ್ಜನಿಗೆ ಕೋಪ ಬಂದದ್ದು ಮೊಮ್ಮಗನ ಮೇಲಲ್ಲ, ಪ್ರಶ್ನೆ ಕೇಳಿದವರ ಮೇಲೆ. "ನಮ್ಮ ಕಾಲದಲ್ಲಿ ಮಾರ್ಕ್ಸ್‌ಕಾರ್ಡು ತೋರಿಸಿದರೆ ಸಾಕಾಗಿತ್ತು" ಎಂದರು.

ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಧಾರವಾಡದಿಂದಲೋ ಉಡುಪಿಯಿಂದಲೋ ರೈಲು ಬಸ್ಸು ಹತ್ತಿ ಈ ಮಹಾನಗರಗಳಿಗೆ ಬಂದ ನಮ್ಮಲ್ಲಿ ಅನೇಕರ ಕೈಯಲ್ಲಿ ಇದ್ದದ್ದು ಅಂಕಪಟ್ಟಿ, ಯಾರೋ ಬರೆದುಕೊಟ್ಟ ಗುಣನಡತೆಯ ಪತ್ರ, ಒಂದು ದೂರದ ನೆಂಟರ ವಿಳಾಸ, ಇಷ್ಟೇ. ಈಗ ವಿನ್ಯಾಸದ ಕೆಲಸಕ್ಕೆ ಹೋಗುವವರಿಂದ 'ಪೋರ್ಟ್‌ಫೋಲಿಯೊ' ಅಪೇಕ್ಷಿಸುತ್ತಾರೆ. ತಾನು ರಚಿಸಿದ ನಕ್ಷೆಗಳು, ಮಾಡಿದ ಮಾದರಿಗಳು, ಲೆಕ್ಕಗಳು ಇವನ್ನೆಲ್ಲ ಕೂಡಿಸಿದ ಕಡತ. ಇದೇನೋ ಹೊಸ ಕಾಲದ ಹೊಸ ಕಾಟವೆಂದು ಅಜ್ಜ ಭಾವಿಸಿದ್ದರು. ನಿಜ ಸಂಗತಿ ಬೇರೆ. ಅಂಕಪಟ್ಟಿಯೇ ಈಚಿನದು, ಕಡತವೇ ಹಳೆಯದು.

ಇಂಜಿನಿಯರರ ಮಾತು ಬಂದೊಡನೆ ವಿಶ್ವೇಶ್ವರಯ್ಯನವರ ಕಥೆ ಬರುವುದೆಂದು ನಿರೀಕ್ಷಿಸಿದ ವಾಚಕರು ಕ್ಷಮಿಸಬೇಕು. ಪ್ರತಿ ಸೆಪ್ಟೆಂಬರಿನಲ್ಲೂ ಅದನ್ನು ಹೇಳುತ್ತೇವೆ, ಮುಂದೆಯೂ ಹೇಳೋಣ. ಇಂದು ಹೇಳಹೊರಟಿರುವುದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಒಬ್ಬ ಹುಡುಗನ ಕಥೆ. ಅವನ ಹೆಸರು ಜೇಮ್ಸ್ ನೇಸ್ಮಿತ್, ಹುಟ್ಟಿದ್ದು 1808ರಲ್ಲಿ. ತಂದೆ ಅಲೆಕ್ಸಾಂಡರ್ ನೇಸ್ಮಿತ್ ಹೆಸರಾಂತ ಚಿತ್ರಕಾರ. ಕವಿ ರಾಬರ್ಟ್ ಬರ್ನ್ಸ್‌ನ ಪ್ರಸಿದ್ಧ ಭಾವಚಿತ್ರ ಇವನ ಕುಂಚದ್ದೇ. ಯಂತ್ರಗಳಲ್ಲೂ ತಂದೆಗೆ ಆಸಕ್ತಿಯಿತ್ತು, ಮನೆಯಲ್ಲಿ ಒಂದು ಕಮ್ಮಟವೇ ಇತ್ತು. ಹೀಗಾಗಿ ಹುಡುಗನಿಗೆ ಪೆನ್ಸಿಲು ಮತ್ತು ಅರ ಎರಡೂ ಒಟ್ಟಿಗೇ ಕೈಗೆ ಬಂದವು.

ಶಾಲೆಯನ್ನು ಅವನು ಹನ್ನೆರಡನೆಯ ವಯಸ್ಸಿಗೇ ಬಿಟ್ಟ. 1821ರಲ್ಲಿ ಎಡಿನ್‌ಬರೋದಲ್ಲಿ ಕುಶಲಕರ್ಮಿಗಳಿಗಾಗಿ ಒಂದು ಶಾಲೆ ತೆರೆಯಿತು. ಅಲ್ಲಿನ ಪಾಠಗಳಿಗೆ ಹೋಗತೊಡಗಿದ. ಹದಿನೇಳರ ಹೊತ್ತಿಗೆ ಒಂದು ಪುಟ್ಟ ಉಗಿಯಂತ್ರ ಮಾಡಿದ್ದ. ಅದರ ಉದ್ಯೋಗ ಏನು ಗೊತ್ತೇ? ತಂದೆಯ ತೈಲವರ್ಣಗಳನ್ನು ಅರೆದುಕೊಡುವುದು! ಹಿತ್ತಾಳೆಯ ಭಾಗಗಳನ್ನು ರಾತ್ರಿ ಹೊತ್ತು ತನ್ನ ಮಲಗುವ ಕೋಣೆಯ ಒಲೆಯಲ್ಲೇ ಕರಗಿಸಿ ಎರಕ ಹೊಯ್ಯುತ್ತಿದ್ದ. ಕೆಳಗಿನ ಕೋಣೆಯಲ್ಲಿ ಮಲಗಿದ ತಂದೆಗೆ ಎಚ್ಚರವಾಗದಂತೆ ಸದ್ದಡಗಿಸಿ ಮರಳು ಬಡಿಯುತ್ತಿದ್ದನಂತೆ. (ಈಗಿನ ನಮ್ಮ ಫ್ಲ್ಯಾಟುಗಳಲ್ಲಿ ಯಾರೂ ಇದನ್ನು ಅನುಸರಿಸಬಾರದು, ಸೊಸೈಟಿಯ ನೋಟೀಸು ಬಂದೀತು.) ಉಗಿಯಂತ್ರದ ಒಳಗನ್ನು ಸೀಳಿ ತೋರಿಸುವ ಮಾದರಿಯೊಂದನ್ನು ಆ ಶಾಲೆಗೇ ಮಾಡಿಕೊಟ್ಟು ಹತ್ತು ಪೌಂಡು ಸಂಪಾದಿಸಿದ. ಇಂಥ ಗಳಿಕೆಯಿಂದಲೇ ವಿಶ್ವವಿದ್ಯಾಲಯದ ಉಪನ್ಯಾಸಗಳ ಶುಲ್ಕವನ್ನು ತೆತ್ತ. 1827ರ ಸುಮಾರಿಗೆ ಸ್ಥಳೀಯ ಕಲಾಸಂಘದ ನೆರವಿನಿಂದ ರಸ್ತೆಯ ಮೇಲೆ ಓಡುವ ಉಗಿಬಂಡಿಯನ್ನೂ ಕಟ್ಟಿ, ಎಂಟು ಜನರನ್ನು ಕೂರಿಸಿ ಓಡಿಸಿದ. ಆ ಬಂಡಿಯಿಂದ ವ್ಯಾಪಾರವೇನೂ ಹುಟ್ಟಲಿಲ್ಲ. ಕೊನೆಗೆ ಕಳಚಿ ಮಾರಿದ್ದಾಯಿತು.

ಅವನ ಮನಸ್ಸೆಲ್ಲ ಲಂಡನ್ನಿನ ಹೆನ್ರಿ ಮಾಡ್ಸ್ಲೆಯ ಕಾರ್ಖಾನೆಯ ಮೇಲೆ. ತಿರುಪುಮೊಳೆಯನ್ನು ಕರಾರುವಾಕ್ಕಾಗಿ ಕೊರೆಯುವ ಲೇತು, ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯ ಮಾಪಕ ಇವುಗಳಿಂದ ಯಂತ್ರ ಮಾಡುವ ಯಂತ್ರಗಳ ಗುರುವೆನಿಸಿದವನು ಮಾಡ್ಸ್ಲೆ. 1829ರಲ್ಲಿ ತಂದೆಮಗ ಇಬ್ಬರೂ ಸಮುದ್ರಮಾರ್ಗವಾಗಿ ಲಂಡನ್ನಿಗೆ ಹೋದರು. ತಂದೆಗೆ ಮಾಡ್ಸ್ಲೆಯ ಪರಿಚಯವಿತ್ತು. ಆದರೂ ಮೊದಲು ಸಿಕ್ಕಿದ ಉತ್ತರ ನಿರಾಶೆಯದು. ಹಣ ಕಟ್ಟಿ ಸೇರುವ ಶ್ರೀಮಂತರ ಮಕ್ಕಳಿಂದ ಬೇಸತ್ತಿದ್ದ ಮಾಡ್ಸ್ಲೆ, ತಾನಿನ್ನು ಶಿಷ್ಯರನ್ನು ತೆಗೆದುಕೊಳ್ಳುವುದಿಲ್ಲವೆಂದು ಹೇಳಿಬಿಟ್ಟ. ಸೌಜನ್ಯಕ್ಕಾಗಿ ಕಾರ್ಖಾನೆ ತೋರಿಸಿದ. ಬಾಯ್ಲರಿನ ಬಳಿ ಒಬ್ಬ ಆಳು ಬೂದಿ ತೆಗೆಯುತ್ತಿದ್ದ. ಇಂಥ ಕೆಲಸ ಕೊಟ್ಟರೂ ಸಾಕು, ಇಲ್ಲಿಯೇ ಇರುತ್ತೇನೆ ಎಂದು ಹುಡುಗ ಬಾಯಿಬಿಟ್ಟ. ಮುದುಕ ತಿರುಗಿ ನೋಡಿದ. ಈ ಹುಡುಗ ಬೇರೆ ಜಾತಿಯವನೆಂದು ಅವನಿಗೆ ಆಗ ತೋರಿರಬೇಕು.

ಊರಿನಿಂದ ನಕ್ಷೆಗಳನ್ನೂ ಒಂದು ಮಾದರಿಯನ್ನೂ ತಂದಿದ್ದೇನೆ, ತೋರಿಸಬಹುದೇ ಎಂದು ಜೇಮ್ಸ್ ಕೇಳಿದ. ಒಪ್ಪಿಗೆ ಸಿಕ್ಕಿತು. ಮಾರನೆಯ ದಿನ ಅವನ್ನು ಒಯ್ದು ಇಟ್ಟ. ಎರಕದಿಂದ ಹಿಡಿದು ಕೊನೆಯ ಒಪ್ಪದವರೆಗೆ ತಾನೇ ಮಾಡಿದ್ದ ಚಿಕ್ಕ ಉಗಿಯಂತ್ರ. ಜೊತೆಗೆ ಯಂತ್ರಗಳ ಚಿತ್ರಗಳು. ಮಾಡ್ಸ್ಲೆ ಅವನ್ನು ಪರಿಶೀಲಿಸುತ್ತಿದ್ದ ಸುಮಾರು ಇಪ್ಪತ್ತು ನಿಮಿಷ ಅವನಿಗೆ ಯುಗವಾಯಿತು. ಕೊನೆಗೆ ಮಾಡ್ಸ್ಲೆ ಅವನನ್ನು ತನ್ನ ಖಾಸಗಿ ಕಮ್ಮಟಕ್ಕೆ ಕರೆದೊಯ್ದು, ಇನ್ನು ನಿನ್ನ ಕೆಲಸ ಇಲ್ಲಿ, ನನ್ನ ಪಕ್ಕದಲ್ಲಿ, ನಿನಗೆ ಶಿಷ್ಯವೃತ್ತಿ ಬೇಕಿಲ್ಲ ಎಂಬರ್ಥದ ಮಾತು ಹೇಳಿದ. ವಾರಕ್ಕೆ ಹತ್ತು ಷಿಲಿಂಗ್ ಸಂಬಳ. ಅಷ್ಟರಲ್ಲೇ ಬದುಕಬೇಕೆಂದು ಎಣ್ಣೆದೀಪದ ಮೇಲೆ ತಾನೇ ತಾನಾಗಿ ಬೇಯುವ ಒಂದು ಅಡಿಗೆಯ ಪಾತ್ರೆಯನ್ನೂ ಜೇಮ್ಸ್ ರಚಿಸಿಕೊಂಡ. ಊರು ಬಿಟ್ಟು ಬಂದು ಚಾಳಿನ ಕೋಣೆಯಲ್ಲಿ ಸೀಮೆಎಣ್ಣೆಯ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡ ನಮ್ಮ ಹಿರಿಯರಿಗೆ ಈ ಪುಟ ವಿಶೇಷವಾಗಿ ರುಚಿಸೀತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ಶತಮಾನ ಹಿಂದೆ, 1482ರ ಸುಮಾರಿಗೆ, ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಅಧಿಪತಿಗೆ ಕೆಲಸ ಕೋರಿ ಬರೆದ ಪತ್ರದ ಕರಡು ಉಳಿದಿದೆ. ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ, ಎಂದು ಸಾಲಾಗಿ ಹೇಳಿಕೊಂಡ ಪತ್ರ ಅದು. ಅವನು ಲಿಯೊನಾರ್ಡೊ, ಅವನ ಮಾತು ನಡೆಯುತ್ತದೆ. ಇಪ್ಪತ್ತರ ಹರೆಯದ ನೇಸ್ಮಿತ್ ಹಾಗೆ 'ಬಲ್ಲೆ' ಎನ್ನಲಿಲ್ಲ. ಮೇಜಿನ ಮೇಲೆ ವಸ್ತುವನ್ನೇ ಇಟ್ಟ. ನೋಡುವವನು ಪ್ರತಿಯೊಂದು ಕೀಲನ್ನೂ ಮುಟ್ಟಿ, ಇದು ಹೇಗೆ, ಇದು ಏಕೆ ಎಂದು ಕೇಳಬಹುದಿತ್ತು, ಮಾಡಿದವನೇ ಎದುರಿಗಿದ್ದ. ನಮ್ಮ ಅಜ್ಜನ ಮೊಮ್ಮಗನಿಗೆ ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ? ಹತ್ತು ಪ್ರಾಜೆಕ್ಟುಗಳ ಬಣ್ಣದ ಹಾಳೆಗಳಿಗಿಂತ, ತಾನೇ ಅರ ಹಿಡಿದು ಮಾಡಿದ ಒಂದು ಸಣ್ಣ ಪಂಪು, ಅದರ ಮೊದಲ ಕಚ್ಚಾ ಚಿತ್ರ, ಸೋರಿದ್ದೇಕೆ ಎಂಬ ಟಿಪ್ಪಣಿ, ಆಮೇಲೆ ಬದಲಿಸಿದ ಅಳತೆ, ಇವಿಷ್ಟು ಹೆಚ್ಚು ಮಾತಾಡುತ್ತವೆ. ಕಚ್ಚಾ ಹಾಳೆಗಳನ್ನು ನಮ್ಮ ಮಕ್ಕಳು ಮೊದಲು ಹರಿದೆಸೆಯುತ್ತಾರೆ. ಮನೆ ಚೊಕ್ಕಟವಾಗಲೆಂದು ತಾಯಂದಿರೂ ರದ್ದಿಯವನಿಗೆ ಹಾಕುತ್ತಾರೆ.

ನೇಸ್ಮಿತ್ ಹಾಗೆ ಮಾಡಲಿಲ್ಲ. ಮಾಡ್ಸ್ಲೆ 1831ರಲ್ಲಿ ತೀರಿಕೊಂಡ ಮೇಲೆ ಊರಿಗೆ ಮರಳಿ ಸಲಕರಣೆ ಮಾಡಿಕೊಂಡು, 1834ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬಾಡಿಗೆಯ ಮಹಡಿಯೊಂದರಲ್ಲಿ ಕೆಲಸ ತೊಡಗಿದ. ಅಲ್ಲಿ ಭಾರದ ಯಂತ್ರಭಾಗವೊಂದು ನೆಲ ಮುರಿದು ಕೆಳಗಿನ ಗಾಜಿನ ಕೆಲಸದವರ ಅಂಗಡಿಗೆ ಇಳಿದದ್ದೇ, ಬೇರೆ ಜಾಗ ನೋಡಬೇಕಾಯಿತು. 1836ರಲ್ಲಿ ಪಾಟ್ರಿಕ್ರಾಫ್ಟ್ ಎಂಬಲ್ಲಿ, ಕಾಲುವೆಯ ಪಕ್ಕದಲ್ಲಿ, ದೊಡ್ಡ ಕಾರ್ಖಾನೆ ಎದ್ದಿತು. ಹೊಳೆದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವುದು ಅವನ ಪದ್ಧತಿ. ಅದನ್ನು ಅವನು 'ಸ್ಕೀಮ್ ಬುಕ್' ಎಂದು ಕರೆಯುತ್ತಿದ್ದ.

'ಗ್ರೇಟ್ ಬ್ರಿಟನ್' ಎಂಬ ಭಾರೀ ಹಡಗು ಕಟ್ಟುತ್ತಿದ್ದ ಕಂಪನಿಯ ಇಂಜಿನಿಯರ್ ಹಂಫ್ರೀಸ್ ಒಂದು ತೊಡಕನ್ನು ಬರೆದು ತಿಳಿಸಿದ. ಹಡಗಿನ ಪಕ್ಕದ ಚಕ್ರಗಳಿಗೆ ಮೂವತ್ತು ಅಂಗುಲ ದಪ್ಪದ ಅಚ್ಚು ಬೇಕು, ಅದನ್ನು ಬಡಿದು ರೂಪಿಸುವ ಸುತ್ತಿಗೆಯೇ ಎಲ್ಲೂ ಇಲ್ಲ. ಆಗಿನ ಸುತ್ತಿಗೆಗಳು ಸನ್ನೆಯಂತೆ ಏಳುತ್ತಿದ್ದವು. ಕಬ್ಬಿಣ ದಪ್ಪವಾದಷ್ಟೂ ಅವು ಏಳುವ ಎತ್ತರ ಕಡಿಮೆ. ಎಲ್ಲಿ ಬಲವಾದ ಪೆಟ್ಟು ಬೇಕೋ ಅಲ್ಲಿಯೇ ಪೆಟ್ಟು ದುರ್ಬಲ. ನೇಸ್ಮಿತ್ ಯೋಚಿಸಿದ್ದು ಹೀಗೆ: ಸುತ್ತಿಗೆಯ ತಲೆಯನ್ನು ನೇರವಾಗಿ ಮೇಲಿನ ಉಗಿ ಸಿಲಿಂಡರಿನ ಕೊಂತಕ್ಕೇ ಕಟ್ಟು, ಉಗಿ ಮೇಲೆತ್ತಲಿ, ಬಿಟ್ಟೊಡನೆ ಭಾರ ಬೀಳಲಿ. ಅರ್ಧ ಗಂಟೆ ಸುಮಾರಿನಲ್ಲಿ ಇಡೀ ಯಂತ್ರ ಪುಸ್ತಕದ ಪುಟದಲ್ಲಿ ಮೂಡಿತು. ಅದರ ಮೇಲಿನ ದಿನಾಂಕ 1839ರ ನವೆಂಬರ್ 24. ಆದರೆ ಹಡಗಿನವರು ಮನಸ್ಸು ಬದಲಿಸಿ ಹಿಂಬದಿಯ ತಿರುಪುಚಕ್ರವನ್ನು ಆರಿಸಿಕೊಂಡರು. ಅಚ್ಚು ಬೇಕಾಗಲಿಲ್ಲ. ಕಬ್ಬಿಣದ ವ್ಯಾಪಾರ ಕುಸಿದ ಕಾಲ. ಬೇರಾರೂ ಸುತ್ತಿಗೆ ಕೊಳ್ಳಲಿಲ್ಲ. ಪೇಟೆಂಟಿನ ಖರ್ಚು ಬೇಡವೆಂದು ಪಾಲುದಾರ ಹಿಂಜರಿದ. ಚಿತ್ರ ಪುಸ್ತಕದಲ್ಲೇ ಉಳಿಯಿತು.

ಆಮೇಲಿನದು ಅವನೇ 1883ರ ತನ್ನ ಆತ್ಮಕಥೆಯಲ್ಲಿ ಹೇಳಿರುವುದು. ಫ್ರಾನ್ಸಿನ ಕ್ರೂಸೊ ಕಾರ್ಖಾನೆಯ ಶ್ನೈಡರ್ ಮತ್ತು ಅವನ ಇಂಜಿನಿಯರ್ ಬೂರ್ದೋನ್ ಪಾಟ್ರಿಕ್ರಾಫ್ಟಿಗೆ ಬಂದಾಗ ನೇಸ್ಮಿತ್ ಊರಲ್ಲಿರಲಿಲ್ಲ. ಪಾಲುದಾರ ಗ್ಯಾಸ್ಕೆಲ್ ಅತಿಥಿಗಳಿಗೆ ಉದಾರವಾಗಿ ಪುಸ್ತಕವನ್ನೇ ತೆರೆದು ತೋರಿಸಿದ. 1842ರಲ್ಲಿ ನೇಸ್ಮಿತ್ ಕ್ರೂಸೊಗೆ ಹೋದ. ಅಲ್ಲಿ ಭಾರಿಯಾದೊಂದು ಅಚ್ಚನ್ನು ಕಂಡು, ಇದನ್ನು ಹೇಗೆ ಬಡಿದಿರಿ ಎಂದು ಕೇಳಿದ. ನಿಮ್ಮ ಸುತ್ತಿಗೆಯಿಂದಲೇ ಎಂದು ಬೂರ್ದೋನ್ ಉತ್ತರಿಸಿದನಂತೆ! ಒಳಗೆ ಹೋಗಿ ನೋಡಿದರೆ ತನ್ನ ಕಾಗದದ ಕೂಸು ಕಬ್ಬಿಣವಾಗಿ ನಿಂತು ಬಡಿಯುತ್ತಿತ್ತು. ಅವನು ರೇಗಾಡಲಿಲ್ಲ, ಅದರ ಭಾಗಗಳು ಮುರಿಯುತ್ತಿದ್ದುದನ್ನು ಕೇಳಿ ತಿದ್ದುವ ಉಪಾಯವನ್ನೂ ಹೇಳಿಕೊಟ್ಟ. ಆದರೆ ಊರಿಗೆ ಬಂದವನೇ ಭಾವಮೈದುನನಿಂದ ಹಣ ಪಡೆದು ಅದೇ ವರ್ಷದ ಜೂನಿನಲ್ಲಿ ಪೇಟೆಂಟು ಮಾಡಿಸಿದ. ಫ್ರಾನ್ಸಿನಲ್ಲಿ ಶ್ನೈಡರ್ ತನ್ನ ಹೆಸರಿನಲ್ಲಿ ಪೇಟೆಂಟು ಪಡೆದಿದ್ದ.

ಫ್ರೆಂಚರು ಈ ಕಥೆಯನ್ನು ಹೀಗೆಯೇ ಒಪ್ಪುವುದಿಲ್ಲ. ಬೂರ್ದೋನ್ ಸ್ವತಂತ್ರವಾಗಿ ಕಲ್ಪಿಸಿದನೆಂಬುದು ಅವರ ವಾದ. ಉಗಿಯಿಂದ ಸುತ್ತಿಗೆ ಎತ್ತುವ ಮಾತು 1784ರ ಜೇಮ್ಸ್ ವಾಟ್‌ನ ಪೇಟೆಂಟಿನಲ್ಲೇ ಇದೆ. ಆತ್ಮಕಥೆಯನ್ನು ಪ್ರಮಾಣವೆಂದು ಕಣ್ಣುಮುಚ್ಚಿ ನಂಬಬಾರದು. ಆದರೂ ಹಳದಿಯಾದ ಆ ಪುಟ, ಅದರ ಮೇಲಿನ ದಿನಾಂಕ ಇಲ್ಲದಿದ್ದರೆ ನೇಸ್ಮಿತ್‌ನ ಪಕ್ಷದಲ್ಲಿ ಹೇಳುವುದಕ್ಕೆ ಏನು ಉಳಿಯುತ್ತಿತ್ತು? ತೋರಿಸಿದ್ದರಿಂದ ಕಳೆದುಕೊಂಡ, ಬರೆದಿಟ್ಟಿದ್ದರಿಂದ ಉಳಿಸಿಕೊಂಡ. ಯಾರಿಗೆ ಯಾವ ಪುಟ ತೆರೆಯಬೇಕು ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಕೆಲಸ ಕೇಳಹೋದ ವಿದ್ಯಾರ್ಥಿ ಏನನ್ನೂ ತೋರಿಸದಿದ್ದರೆ ಕೆಲಸವಿಲ್ಲ, ಎಲ್ಲವನ್ನೂ ಕೊಟ್ಟುಬಂದರೆ ಕೈಯಲ್ಲಿ ಏನೂ ಇಲ್ಲ.

ಇನ್ನೊಂದು ಮಾತನ್ನೂ ಹೇಳದೆ ಬಿಡಲಾಗದು. ಸುತ್ತಿಗೆಯನ್ನು ಮೊದಲು ಕೈಯಿಂದಲೇ ನಡೆಸಬೇಕಾಗಿತ್ತು. ಅದು ತಾನೇ ತಾನಾಗಿ ನಡೆಯುವಂತೆ ಕವಾಟದ ವ್ಯವಸ್ಥೆಯನ್ನು 1843ರಲ್ಲಿ ಸಾಧಿಸಿದವನು ಕಾರ್ಖಾನೆಯ ಮ್ಯಾನೇಜರ್ ರಾಬರ್ಟ್ ವಿಲ್ಸನ್. ಗ್ಲಾಸಿನಲ್ಲಿಟ್ಟ ಮೊಟ್ಟೆಯ ತುದಿಯನ್ನು ಗ್ಲಾಸು ಒಡೆಯದಂತೆ ಮೆಲ್ಲಗೆ ತಟ್ಟಿ, ಮರುಕ್ಷಣ ಕಟ್ಟಡ ನಡುಗುವಂತೆ ಬಡಿಯುವ ಸುತ್ತಿಗೆ ಎಂದು ಜನ ಬೆರಗಾಗುತ್ತಿದ್ದ ಹಿಡಿತದ ಹಿಂದೆ ವಿಲ್ಸನ್ನನ ಬುದ್ಧಿಯೂ ಇತ್ತು. ನೇಸ್ಮಿತ್‌ನ ಆತ್ಮಕಥೆಯಲ್ಲಿ ಅವನಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ತನ್ನ ಪುಟ ಬೇರೆಯವರ ಹೆಸರಿಗೆ ಹೋಯಿತೆಂದು ನೊಂದವನು ಇನ್ನೊಬ್ಬನ ಪಾಲನ್ನು ಮರೆತ, ಇದು ನಮಗೆ ಸರಿತೋರದು. ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟನ್ನು ನಾಲ್ವರೂ ತಂತಮ್ಮ ಕಡತದಲ್ಲಿ 'ನನ್ನದು' ಎಂದು ಬರೆಯುವುದನ್ನು ಕಂಡಾಗ ವಿಲ್ಸನ್ ನೆನಪಾಗುತ್ತಾನೆ. ಮುಂದೆ ಕಾರ್ಖಾನೆಯ ಹೆಸರೇ 'ನೇಸ್ಮಿತ್ ವಿಲ್ಸನ್' ಎಂದಾಗಿ, ಅಲ್ಲಿ ತಯಾರಾದ ರೈಲು ಇಂಜಿನುಗಳು ನಮ್ಮ ದೇಶದ ಹಳಿಗಳ ಮೇಲೂ ಓಡಿದವು.

ನೇಸ್ಮಿತ್ 1856ರಲ್ಲಿ, ನಲವತ್ತೆಂಟನೆಯ ವಯಸ್ಸಿಗೇ ನಿವೃತ್ತನಾಗಿ ದೂರದರ್ಶಕದ ಮುಂದೆ ಕುಳಿತ. ಅಂದಿನ ಕ್ಯಾಮೆರಾಗಳಿಗೆ ಚಂದ್ರನ ಕುಳಿಗಳು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದುಕೊಂಡು, ಅದರಂತೆ ಗಾರೆಯಲ್ಲಿ ಚಂದ್ರನ ನೆಲವನ್ನು ರೂಪಿಸಿ, ಓರೆ ಬೆಳಕಿನಲ್ಲಿಟ್ಟು ಅದರ ಛಾಯಾಚಿತ್ರ ತೆಗೆದ. ಕಾರ್ಪೆಂಟರ್ ಎಂಬ ಖಗೋಳಜ್ಞನೊಡನೆ 1874ರಲ್ಲಿ ಪುಸ್ತಕ ಹೊರತಂದ. ಕುಳಿಗಳು ಜ್ವಾಲಾಮುಖಿಗಳೆಂಬ ಅವರ ವಾದವನ್ನು ವಿಜ್ಞಾನ ಬಿಟ್ಟಿದೆ. ಒಳಗು ಕುಗ್ಗಿದಾಗ ಮೇಲ್ಮೈ ಹೇಗೆ ಸುಕ್ಕುಗಟ್ಟಿ ಬೆಟ್ಟವಾಗುತ್ತದೆಂದು ತೋರಿಸಲು ಅವರು ಎರಡು ಚಿತ್ರಗಳನ್ನು ಜೋಡಿಸಿದ್ದಾರೆ: ಒಂದು ಬಾಡಿದ ಸೇಬು, ಇನ್ನೊಂದು ಸುಕ್ಕುಬಿದ್ದ ಒಂದು ಕೈ.